ಕಡಲ ತಂಪಿಗೊಂದು ದಾರಿ

(ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಾಠ)

ತ್ರಿಪ್ಲಿಕೇನ್ ಕಡೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ‘ಐಸ್ ಹೌಸ್, ಐಸ್ ಹೌಸ್’ ಎಂದು ಕೂಗುವುದನ್ನು ನೀವೆಲ್ಲ ಕೇಳಿದ್ದೀರಿ. ಅಲ್ಲಿ ಇಳಿದು ನೋಡಿದರೆ ಐಸ್ ಇಲ್ಲ, ಐಸ್ ಮಾರುವವರೂ ಇಲ್ಲ. ಮರೀನಾಕ್ಕೆ ಮುಖ ಮಾಡಿ ದುಂಡಗೆ ನಿಂತಿರುವ ಆ ಕಟ್ಟಡ ಇಂದು ವಿವೇಕಾನಂದರ್ ಇಲ್ಲಂ. 1897ರ ಫೆಬ್ರವರಿಯಲ್ಲಿ ಸ್ವಾಮಿ ವಿವೇಕಾನಂದರು ಒಂಬತ್ತು ದಿನ ಅಲ್ಲಿ ತಂಗಿದ್ದರು. ಆಗ ಅದರ ಒಡೆಯರಾಗಿದ್ದವರು ವಕೀಲ ಬಿಳಿಗಿರಿ ಅಯ್ಯಂಗಾರ್. ಹೆಸರು ಕೇಳಿದರೆ ನಮಗೆ ಬಿಳಿಗಿರಿರಂಗನ ಬೆಟ್ಟ ನೆನಪಾಗದೆ ಇರದು. ಆದರೆ 1842ರಲ್ಲಿ ಆ ಕಟ್ಟಡವನ್ನು ಕಟ್ಟಿದ್ದು ಮಂಜುಗಡ್ಡೆಯನ್ನು ಕೂಡಿಡಲಿಕ್ಕೆ.

ಆ ಮಂಜುಗಡ್ಡೆ ಬರುತ್ತಿದ್ದುದು ಅಮೆರಿಕದಿಂದ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಚಳಿಗಾಲದಲ್ಲಿ ಅಲ್ಲಿನ ಕೆರೆಗಳ ಮೇಲೆ ಹೆಪ್ಪುಗಟ್ಟಿದ ಗಡ್ಡೆಗಳನ್ನು ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ, ನಾಲ್ಕು ತಿಂಗಳ ಹಡಗು ಪ್ರಯಾಣದಲ್ಲಿ ನಮ್ಮ ದೇಶಕ್ಕೆ ಕಳಿಸುತ್ತಿದ್ದ. 1833ರಲ್ಲಿ ಕಲ್ಕತ್ತೆಗೆ ಹೊರಟ ಮೊದಲ ಹಡಗಿನಲ್ಲಿ 180 ಟನ್ ಇತ್ತು. ತಲುಪಿದಾಗ ಸುಮಾರು 100 ಟನ್ ಉಳಿದಿತ್ತು. ಕಲ್ಕತ್ತೆಯ ಆಡಳಿತ ಆ ಸರಕಿಗೆ ಸುಂಕ ಬಿಟ್ಟುಕೊಟ್ಟಿತು. ಬಿಸಿಲಿಗೆ ಕರಗದಿರಲೆಂದು ರಾತ್ರಿ ಹೊತ್ತು ಇಳಿಸಲು ಅಪ್ಪಣೆ ಕೊಟ್ಟಿತು. ಮದ್ರಾಸಿನಲ್ಲಂತೂ ಆಗ ಬಂದರೇ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕಬೇಕು, ಮಸುಲಾ ದೋಣಿಗಳ ಮೇಲೆ ಅಲೆ ದಾಟಿಸಿ ಸರಕನ್ನು ದಡಕ್ಕೆ ತರಬೇಕು. ಮುಂದೆ ಹಬೆಯಂತ್ರದಿಂದ ಇಲ್ಲೇ ಮಂಜುಗಡ್ಡೆ ತಯಾರಾಗತೊಡಗಿದಾಗ ಟ್ಯೂಡರನ ವ್ಯಾಪಾರ ಮುಗಿಯಿತು. ಹೆಸರು ಮಾತ್ರ ಬಸ್‌ಸ್ಟಾಪಿನಲ್ಲಿ ಉಳಿಯಿತು.

ಈ ಹಳೆಯ ಕತೆಯನ್ನು ಏಕೆ ಹೇಳಿದೆ ಎಂದರೆ, ತಂಪನ್ನು ಯಂತ್ರ, ಹಡಗು, ಹಣ ಇವುಗಳಿಂದಷ್ಟೇ ತರಲಾಗದು. ಯಾರೋ ದಾರಿ ಬಿಟ್ಟುಕೊಡಬೇಕು. ಇಂದು ಕಡಲ ನೀರಿನಿಂದಲೇ ಕಟ್ಟಡಗಳನ್ನು ತಂಪು ಮಾಡುವ ವಿಧಾನಗಳಿವೆ. ಅವುಗಳಿಗೆ ಬೇಕಾಗುವ ದಾರಿ ಸಾರ್ವಜನಿಕ ಮರಳಿನ ಮೇಲೆ, ಅಂದರೆ ನಿಮ್ಮ ನನ್ನ ಮರಳಿನ ಮೇಲೆ ಹಾದುಹೋಗುತ್ತದೆ. ಆ ದಾರಿಯನ್ನು ಯಾವ ಹಕ್ಕಿನಿಂದ, ಯಾವ ಷರತ್ತಿನ ಮೇಲೆ ಕೊಡಬೇಕು ಎಂಬುದೇ ಈ ಹೊತ್ತಿನ ಮಾತು.

ಮೊದಲು ವಿಧಾನವನ್ನು ನೋಡೋಣ. ನಾನು ಕಟ್ಟಡಗಳ ಹವಾನಿಯಂತ್ರಣದ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು. ಏಸಿ ಯಂತ್ರ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೇ. ಮನೆಯ ಏಸಿ ಅದನ್ನು ಪಕ್ಕದ ಓಣಿಗೆ ಊದುತ್ತದೆ. ದೊಡ್ಡ ಕಟ್ಟಡಗಳಲ್ಲಿ ಚಾವಣಿಯ ಮೇಲೆ ಕೂಲಿಂಗ್ ಟವರ್ ಇರುತ್ತದೆ. ಅಲ್ಲಿ ನೀರು ಆವಿಯಾಗಿ ಹೋಗುವಾಗ ಬಿಸಿಯನ್ನೂ ಒಯ್ಯುತ್ತದೆ. ಆವಿಯಾಗುವುದು ಸಿಹಿನೀರು. ಲೆಕ್ಕ ಹಾಕಿದರೆ ಸಾವಿರ ಟನ್ ಸಾಮರ್ಥ್ಯದ ಸ್ಥಾವರ ದಿನಕ್ಕೆ ಹತ್ತು ಗಂಟೆ ನಡೆದರೆ ಸುಮಾರು 60 ಸಾವಿರ ಲೀಟರ್ ಗಾಳಿಗೆ ಹೋಗುತ್ತದೆ. ಹನ್ನೆರಡು ಸಾವಿರ ಲೀಟರಿನ ಐದು ಲಾರಿ ನೀರು! 2019ರ ಜೂನ್‌ನಲ್ಲಿ ಈ ನಗರದ ಜಲಾಶಯಗಳು ಬತ್ತಿ, ಕೊಡ ಹಿಡಿದು ಸಾಲು ನಿಂತವರಿಗೆ ಆ ಐದು ಲಾರಿಗಳ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕಡಲನ್ನು ಬಳಸುವುದಕ್ಕೆ ಎರಡು ಬಗೆಗಳಿವೆ. ಒಂದು, ಆಳದ ತಣ್ಣೀರನ್ನೇ ಮೇಲೆ ತಂದು ಅದರ ತಂಪನ್ನು ಕಟ್ಟಡದ ನೀರಿಗೆ ದಾಟಿಸುವುದು. ಹವಾಯಿ ದ್ವೀಪದ ಕೋನಾ ತೀರದಲ್ಲಿ ಸರ್ಕಾರಿ ಸಂಶೋಧನಾ ಆವರಣವೊಂದಿದೆ. ಅಲ್ಲಿ ಸುಮಾರು 900 ಮೀಟರ್ ಆಳದಿಂದ ಆರು ಡಿಗ್ರಿಯ ನೀರು ಬರುತ್ತದೆ. ಕೆನಡಾದ ಟೊರಾಂಟೊದಲ್ಲಿ 2004ರಿಂದ ಒಂಟಾರಿಯೊ ಸರೋವರದ 83 ಮೀಟರ್ ಆಳದ ನಾಲ್ಕು ಡಿಗ್ರಿಯ ನೀರನ್ನು ಐದು ಕಿಲೋಮೀಟರ್ ಕೊಳವೆಗಳಲ್ಲಿ ತಂದು, ಅದರ ತಂಪನ್ನು ಕಟ್ಟಡಗಳಿಗೆ ಕೊಟ್ಟು, ಅದೇ ನೀರನ್ನು ಊರಿನ ಕುಡಿಯುವ ನೀರಿಗೆ ಸೇರಿಸುತ್ತಾರೆ. ನಮ್ಮ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಗೂ ಈ ವಿದ್ಯೆ ಹೊಸದಲ್ಲ. 2005ರಲ್ಲಿ ಲಕ್ಷದ್ವೀಪದ ಕವರತ್ತಿಯಲ್ಲಿ ಸುಮಾರು 350 ಮೀಟರ್ ಆಳದ ತಣ್ಣೀರನ್ನು ಮೇಲೆತ್ತಿ, ಅದರ ನೆರವಿನಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರು ತಯಾರಿಸುವ ಸ್ಥಾವರವನ್ನು ಅವರು ನಡೆಸಿ ತೋರಿಸಿದರು. 2007ರಲ್ಲಿ ಚೆನ್ನೈಯ ಹೊರಗಡಲಲ್ಲೂ ಒಂದು ಬಾರ್ಜಿನ ಮೇಲೆ ಇದೇ ಪ್ರಯೋಗ ನಡೆಯಿತು.

ಆದರೆ ಆ ಬಾರ್ಜು ನಿಂತದ್ದು ದಡದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ. ಕವರತ್ತಿಯಲ್ಲಿ ದಡ ಬಿಟ್ಟ ಕೂಡಲೇ ಆಳ ಸಿಗುತ್ತದೆ. ಮರೀನಾದ ಮುಂದೆ ಕಡಲು ಬಹುದೂರದವರೆಗೆ ಆಳವಿಲ್ಲದ್ದು, ಬೆಚ್ಚಗಿನದು. ಅಷ್ಟು ಉದ್ದದ ಕೊಳವೆ ಹಾಕಿ ತ್ರಿಪ್ಲಿಕೇನಿನ ಕಟ್ಟಡಗಳನ್ನು ತಣಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬುವ ಮುಂಚೆ ಖರ್ಚಿನ ಪಟ್ಟಿ ಕೇಳಿ.

ನಮಗೆ ಒಗ್ಗುವುದು ಎರಡನೆಯ ಬಗೆ. ತಂಪು ಮಾಡುವ ಕೆಲಸ ಯಂತ್ರದ್ದೇ; ಆದರೆ ಅದು ಹೊರಹಾಕುವ ಬಿಸಿಯನ್ನು ಸಿಹಿನೀರಿನ ಬದಲು ಕಡಲ ನೀರಿಗೆ ಕೊಡುವುದು. ಹಾಂಗ್‌ಕಾಂಗಿನಲ್ಲಿ ಇದು ಹಳೆಯ ರೂಢಿ. ಅಲ್ಲಿ ನಾರ್ಮನ್ ಫಾಸ್ಟರ್ ವಿನ್ಯಾಸ ಮಾಡಿದ ಪ್ರಸಿದ್ಧ ಬ್ಯಾಂಕ್ ಕಟ್ಟಡಕ್ಕೆ, 1980ರ ದಶಕದಲ್ಲೇ, ಬಂಡೆ ಕೊರೆದು ಸುಮಾರು 350 ಮೀಟರ್ ಉದ್ದದ ಸುರಂಗದಲ್ಲಿ ಕಡಲ ನೀರು ತಂದರು. ಆ ಸುರಂಗದ ಮೇಲೆ ಇರುವುದು ಜನ ಓಡಾಡುವ ಚೌಕ. ನಮ್ಮ ಪಕ್ಕದ ಕಲ್ಪಾಕ್ಕಂ ಅಣುವಿದ್ಯುತ್ ಕೇಂದ್ರವೂ 1980ರ ದಶಕದಿಂದ ಕಡಲಡಿಯ ಸುರಂಗದಲ್ಲಿ ಬರುವ ನೀರಿನಿಂದಲೇ ತಣಿಯುತ್ತಿದೆ. ಅಲ್ಲಿನವರು ಕಲಿತ ಪಾಠವೂ ಒಂದಿದೆ: ಕೊಳವೆ ಹಾಕಿದರೆ ಕೆಲಸ ಮುಗಿಯಲಿಲ್ಲ. ಒಳಗೋಡೆಗೆ ಹಸಿರು ಪಚ್ಚಿಲೆ ಚಿಪ್ಪು ಕಚ್ಚಿಕೊಂಡು ಬೆಳೆಯುತ್ತದೆ, ಕೆಲವು ಋತುಗಳಲ್ಲಿ ಲೋಳೆಮೀನುಗಳ ಹಿಂಡು ಬಂದು ಜಾಲರಿ ಕಟ್ಟಿಕೊಳ್ಳುತ್ತದೆ. ಅಂದರೆ ದುರಸ್ತಿಗೆ ಮತ್ತೆ ಮತ್ತೆ ದಡಕ್ಕೆ ಇಳಿಯಬೇಕು.

ಈಗ ಕಾಮರಾಜರ್ ಸಾಲೈ ನೆನಪಿಗೆ ತಂದುಕೊಳ್ಳಿ. ಮದ್ರಾಸ್ ವಿಶ್ವವಿದ್ಯಾಲಯ, ಚೇಪಾಕ್ ಅರಮನೆಯ ಆವರಣದ ಕಚೇರಿಗಳು, ಪ್ರೆಸಿಡೆನ್ಸಿ ಕಾಲೇಜು, ಸ್ವಲ್ಪ ಒಳಗೆ ಜನ ಇಂದಿಗೂ ಗೋಷಾ ಆಸ್ಪತ್ರೆ ಎಂದು ಕರೆಯುವ, 1885ರಷ್ಟು ಹಳೆಯ ಕಸ್ತೂರಬಾ ಗಾಂಧಿ ಹೆರಿಗೆ ಆಸ್ಪತ್ರೆ. ಬಹುಪಾಲು ಸಾರ್ವಜನಿಕ ಕಟ್ಟಡಗಳು, ಎಲ್ಲವೂ ಕಡಲಿಗೆ ಹತ್ತಿರ. ಇದು ಯಾವ ಯೋಜನೆಯ ಘೋಷಣೆಯೂ ಅಲ್ಲ. ಕೂತು ಹಾಕಿದ ಲೆಕ್ಕ. ನಾನು ಹೇಳಿದ ಸಾವಿರ ಟನ್ ಸ್ಥಾವರಕ್ಕೆ, ನೀರು ಐದು ಡಿಗ್ರಿಯಷ್ಟೇ ಬಿಸಿಯಾಗಿ ಮರಳಬೇಕೆಂದರೆ, ಗಂಟೆಗೆ ಸುಮಾರು ಏಳೂವರೆ ಲಕ್ಷ ಲೀಟರ್ ಕಡಲ ನೀರು ಬೇಕು. ಅರ್ಧ ಮೀಟರ್ ಅಗಲದ ಎರಡು ಕೊಳವೆ ಸಾಕು: ಒಂದು ತರಲು, ಒಂದು ಬಿಡಲು. ಅವನ್ನು ಮರಳಿನಡಿ ಹೂತರೆ ಮೇಲೆ ನಡೆಯುವವರಿಗೆ ಗೊತ್ತೂ ಆಗದು. ಐದು ಲಾರಿ ಸಿಹಿನೀರು ಉಳಿಯುತ್ತದೆ. ಹೆರಿಗೆ ವಾರ್ಡಿನ ತಂಪು ಬೇಸಿಗೆಯ ನೀರಿನ ಬರಕ್ಕೆ ಅಂಜಬೇಕಾಗಿಲ್ಲ.

ಎರಡು ಕೊಳವೆ, ಮುನ್ನೂರು ನಾನೂರು ಮೀಟರ್ ಮರಳು. ಆದರೆ ಆ ಮರಳು ಯಾರದು?

ನಮ್ಮ ಹಳ್ಳಿಗಳ ನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿ ಎಂದು ಚುಕ್ಕೆ ಗೆರೆ ಹಾಕಿರುತ್ತಾರೆ, ನೋಡಿರಬಹುದು. ನಿಮ್ಮ ಹೊಲಕ್ಕೆ ಹೋಗಲು ಪಕ್ಕದವರ ಹೊಲದ ಬದುವಿನ ಮೇಲೆ ಬಂಡಿ ಹೊಡೆಯುತ್ತೀರಿ. ನೆಲ ಅವರದೇ, ದಾರಿ ನಿಮ್ಮದು. ಬೇಲಿ ಹಾಕಿ ಅವರು ತಡೆಯುವಂತಿಲ್ಲ, ಅಲ್ಲಿ ನೀವು ಮನೆ ಕಟ್ಟುವಂತಿಲ್ಲ. ಇದನ್ನೇ ಕಾನೂನು ಈಸ್‌ಮೆಂಟ್ ಎನ್ನುತ್ತದೆ. ಕನ್ನಡದಲ್ಲಿ ಅನುಭೋಗದ ಹಕ್ಕು ಎನ್ನುತ್ತಾರೆ. ಇದರ ಕಾಯಿದೆ ಬಂದದ್ದು 1882ರಲ್ಲಿ. ಮೊದಲಿಗೆ ಅದು ಅನ್ವಯಿಸಿದ್ದು ಮದ್ರಾಸ್ ಪ್ರಾಂತ, ಮಧ್ಯ ಪ್ರಾಂತಗಳು ಮತ್ತು ನಮ್ಮ ಕೊಡಗಿಗೆ. ಅಂದರೆ ತ್ರಿಪ್ಲಿಕೇನಿಗೂ ಮಡಿಕೇರಿಗೂ ಒಂದೇ ದಿನ ಬಂದ ಕಾನೂನು ಇದು.

ಆ ಕಾಯಿದೆಯಲ್ಲಿ ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದಂಥ ಒಂದು ಉದಾಹರಣೆಯಿದೆ. ಒಬ್ಬನಿಗೆ ಇನ್ನೊಬ್ಬನ ನೆಲದಡಿ ನೀರಿನ ಕೊಳವೆ ಹಾಕುವ ಹಕ್ಕಿದ್ದರೆ, ಕೊಳವೆ ಕೆಟ್ಟಾಗ ಅಗೆಯಲೂಬಹುದು. ಆದರೆ ನೆಲವನ್ನು ಮೊದಲಿದ್ದಂತೆ ಮುಚ್ಚಿ ಕೊಡಬೇಕು. ಇನ್ನೊಂದು ಕಲಮು ಹೇಳುವುದೇನೆಂದರೆ, ಹಕ್ಕುಳ್ಳವನು ಅದನ್ನು ನೆಲದೊಡೆಯನಿಗೆ ಆದಷ್ಟು ಕಡಿಮೆ ಹೊರೆಯಾಗುವ ರೀತಿಯಲ್ಲಿ ಬಳಸಬೇಕು. ಇದೇ ಕಾಯಿದೆಯಲ್ಲಿ ಲೈಸೆನ್ಸ್ ಎಂಬ ಇನ್ನೊಂದು ಮಾತೂ ಬರುತ್ತದೆ. ಅದು ಬರೀ ಪರವಾನಗಿ, ಕೊಟ್ಟವರು ಹಿಂದಕ್ಕೆ ಪಡೆಯಬಹುದು. ಆದರೆ ಪರವಾನಗಿ ನಂಬಿ ಒಬ್ಬ ಹಣ ಸುರಿದು ಶಾಶ್ವತ ಕಟ್ಟಡ ಕಟ್ಟಿದರೆ ಅದನ್ನು ಹಿಂಪಡೆಯುವುದು ಸುಲಭವಲ್ಲ. ‘ಸುಮ್ಮನೆ ಒಂದು ಪರವಾನಗಿ ತಾನೇ’ ಎಂದು ಸಡಿಲವಾಗಿ ಕೊಟ್ಟದ್ದು ಕಾಯಂ ಆಗಿಬಿಡುವ ಅಪಾಯ ಅಲ್ಲಿದೆ. ಆದ್ದರಿಂದ ಷರತ್ತುಗಳನ್ನು ಮೊದಲೇ ಬರೆದಿಟ್ಟು ಕೊಡುವ ಹಕ್ಕೇ ಮೇಲು.

ನೆಲ ಕೊಡದೆ ದಾರಿ ಮಾತ್ರ ಕೊಡುವ ಪದ್ಧತಿ ದೊಡ್ಡ ಕೆಲಸಗಳಲ್ಲೂ ನಡೆದಿದೆ. ತೈಲ, ಅನಿಲದ ಕೊಳವೆಗಳಿಗಾಗಿ 1962ರ ಕಾಯಿದೆಯೊಂದಿದೆ. ಕೊಚ್ಚಿಯಿಂದ ಕಾಸರಗೋಡು ದಾಟಿ ಮಂಗಳೂರಿಗೆ ಬಂದು 2021ರಲ್ಲಿ ಉದ್ಘಾಟನೆಯಾದ ಅನಿಲ ಕೊಳವೆಯ ದಾರಿಯಲ್ಲಿ ಭೂಮಿಯಿರುವವರಿಗೆ ಇದು ಗೊತ್ತು. ಈ ಕಾಯಿದೆಯಲ್ಲಿ ಸರ್ಕಾರ ನೆಲವನ್ನು ವಶಪಡಿಸಿಕೊಳ್ಳುವುದಿಲ್ಲ, ನೆಲದ ಬಳಕೆಯ ಹಕ್ಕನ್ನಷ್ಟೇ ಪಡೆಯುತ್ತದೆ. ಹಕ್ಕಿಗೆ ಮಾರುಕಟ್ಟೆ ಬೆಲೆಯ ಶೇಕಡಾ 10 ಪರಿಹಾರ. ರೈತ ಆ ಪಟ್ಟಿಯ ಮೇಲೆ ಮನೆ ಕಟ್ಟಬಾರದು, ಬಾವಿ ತೋಡಬಾರದು, ಮರ ನೆಡಬಾರದು. ಆದರೆ ಆ ಕಾಯಿದೆ ಕಡಲ ತಂಪಿನ ಕೊಳವೆಗೆ ಅನ್ವಯಿಸುವುದಿಲ್ಲ. ಅದೂ ಅಲ್ಲದೆ ಇಲ್ಲಿ ನೆಲದೊಡೆಯ ಒಬ್ಬ ರೈತನಲ್ಲ, ಇಡೀ ಊರು.

ಇಡೀ ಊರು ಎಂದಾಗ ಜಾಗ್ರತೆ ಇನ್ನೂ ಹೆಚ್ಚು ಬೇಕು. 1996ರ ಕೊನೆಯಲ್ಲಿ ಕಮಲ್‌ನಾಥ್ ಪ್ರಕರಣವೆಂದು ಪ್ರಸಿದ್ಧವಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು: ಕಡಲತೀರ, ಹರಿಯುವ ನೀರು, ಕಾಡು, ಗಾಳಿ ಇವುಗಳಿಗೆ ಸರ್ಕಾರ ಧರ್ಮದರ್ಶಿಯೇ ಹೊರತು ಮಾಲೀಕನಲ್ಲ, ಖಾಸಗಿಯವರಿಗೆ ಧಾರೆಯೆರೆಯುವ ಅಧಿಕಾರ ಅದಕ್ಕಿಲ್ಲ. ಅದರ ಮೇಲೆ 1991ರಲ್ಲಿ ಮೊದಲು ಬಂದು, 2011 ಮತ್ತು 2019ರಲ್ಲಿ ಹೊಸ ರೂಪದಲ್ಲಿ ಪ್ರಕಟವಾದ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ಈ ಎಲ್ಲವನ್ನೂ ಒಪ್ಪಿಸಿಕೊಂಡು ಹೋಗುವ ದಾರಿ ಇದ್ದೇ ಇದೆ. ಆದರೆ ಇವೆಲ್ಲ ಕಾಗದದ ಮೇಲಿನವು. ಕಾಗದದಲ್ಲಿ ಇಲ್ಲದವರೂ ಕೆಲವರಿದ್ದಾರೆ.

ಐಸ್ ಹೌಸಿನಿಂದ ಕೂಗಳತೆಯಲ್ಲೇ ಅಯೋಧ್ಯಾಕುಪ್ಪಂ, ನಡುಕುಪ್ಪಂ. ಅಲ್ಲಿನ ಮೀನುಗಾರರು ದೋಣಿ ಎಳೆದಿಡುವ, ಬಲೆ ಒಣಗಿಸುವ ಜಾಗಕ್ಕೆ ಅವರ ಬಳಿ ಪಟ್ಟಾ ಇಲ್ಲ. ತಲೆಮಾರುಗಳ ಬಳಕೆಯೇ ಅವರ ದಸ್ತಾವೇಜು. ಒಂದು ಸಂಜೆ ಅಲ್ಲಿ ಬಲೆ ಹೊಲಿಯುತ್ತ ಕೂತಿದ್ದ ಹಿರಿಯರೊಬ್ಬರ ಪಕ್ಕ ಕೂತು ಈ ಕೊಳವೆಯ ವಿಷಯ ತೆಗೆದೆ. ‘ಪೆರಿಯವರೇ, ಮರಳಿನಡಿ ಹೋಗುವ ಕೊಳವೆಯಿಂದ ನಿಮಗೇನು ತೊಂದರೆ?’ ಎಂದೆ. ಅವರು ಸೂಜಿ ನಿಲ್ಲಿಸಲಿಲ್ಲ. ‘ಮರಳಿನಡಿ ಇರೋದು ಸರಿ ಸಾರ್. ಅದರ ಬಾಯಿ ಎಲ್ಲಿ ತೆರೀತದೆ? ನಾವು ಬಲೆ ಬಿಡೋ ಕಡೇನೇ ತಾನೇ? ಸಿಕ್ಕಿ ಹರಿದರೆ ಯಾರ ಬಾಗಿಲು ತಟ್ಟಲಿ?’ ಎಂದರು. ಮೂವತ್ತು ವರ್ಷ ಕೊಳವೆಗಳ ಜೊತೆ ಕಳೆದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ನಾನು ಲೆಕ್ಕ ಹಾಕಿದ್ದು ದಡದವರೆಗೆ. ಅವರ ಬದುಕು ಶುರುವಾಗುವುದೇ ಅಲ್ಲಿಂದ.

ಅವರ ಅಂಜಿಕೆಗೆ ಆಧಾರವಿಲ್ಲ ಎನ್ನುವಂತಿಲ್ಲ. ನಮ್ಮ ಉಡುಪಿ ಜಿಲ್ಲೆಯ ಯೆಲ್ಲೂರಿಗೆ, ಅಲ್ಲಿನ ಉಷ್ಣವಿದ್ಯುತ್ ಸ್ಥಾವರದ ತಂಪಿಗಾಗಿ, ಕಡಲ ನೀರು ಕೊಳವೆಯಲ್ಲಿ ಒಳನಾಡಿಗೆ ಬರುತ್ತದೆ. ಬಾವಿ, ಗದ್ದೆಗಳಿಗೆ ಉಪ್ಪು ಸೇರಿತೆಂದು ಸುತ್ತಲಿನ ರೈತರು ವರ್ಷಗಟ್ಟಲೆ ದೂರಿದರು. ವಿವಾದ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ದಾರಿ ಕೊಡುವಾಗ ಕೇಳದ ಪ್ರಶ್ನೆಯನ್ನು ಆಮೇಲೆ ನ್ಯಾಯಾಲಯದಲ್ಲಿ ಕೇಳಬೇಕಾಗುತ್ತದೆ.

ಬೇರೆಯವರ ಅನುಭವವೂ ನಮಗೆ ಪಾಠವೇ. ಹವಾಯಿ ರಾಜ್ಯದಲ್ಲಿ ಕಡಲಡಿಯ ಸರ್ಕಾರಿ ನೆಲವನ್ನು ಗುತ್ತಿಗೆ ಕೊಡಬೇಕಾದರೆ ಗವರ್ನರರ ಒಪ್ಪಿಗೆ ಸಾಲದು, ಶಾಸನಸಭೆಯ ಎರಡೂ ಮನೆಗಳ ನಿರ್ಣಯ ಬೇಕು. ಎಲ್ಲರ ಕಣ್ಣೆದುರಿಗೆ ಚರ್ಚೆಯಾಗುತ್ತದೆ. ಅಷ್ಟಾದರೂ ಹೊನೊಲುಲು ನಗರದ ನಡುಭಾಗವನ್ನು ಆಳಗಡಲ ನೀರಿನಿಂದ ತಣಿಸುವ ಯೋಜನೆ ಹದಿನೈದಕ್ಕೂ ಹೆಚ್ಚು ವರ್ಷ ತಯಾರಿಯಲ್ಲೇ ಕಳೆದು, ಖರ್ಚು ಏರಿ, 2020ರ ಕೊನೆಗೆ ಕೈಬಿಟ್ಟುಹೋಯಿತು. ಇದರಿಂದ ತಿಳಿಯುವುದೇನು? ದಾರಿ ಸಿಕ್ಕಿದ ಮಾತ್ರಕ್ಕೆ ಕೊಳವೆ ಬರುವುದಿಲ್ಲ. ಬಾರದ ಕೊಳವೆಗೆ ದಾರಿಯನ್ನು ಕಾಯ್ದಿರಿಸಿಕೊಂಡು ಕೂರಬಾರದು. ಹಾಂಗ್‌ಕಾಂಗಿನ ಹಳೆಯ ವಿಮಾನನಿಲ್ದಾಣದ ಜಾಗವಾದ ಕೈ ತಾಕ್‌ನಲ್ಲಿ ಸರ್ಕಾರ ಬೇರೆ ಹಾದಿ ಹಿಡಿಯಿತು. ಕಡಲ ನೀರಿನಿಂದ ನಡೆಯುವ ತಂಪಿನ ಸ್ಥಾವರವನ್ನು ತಾನೇ ಕಟ್ಟಿ, 2013ರಿಂದ ಕಟ್ಟಡಗಳಿಗೆ ತಣ್ಣೀರು ಒದಗಿಸತೊಡಗಿತು. 2015ರಲ್ಲಿ ಅದರ ದರಕ್ಕೂ ಷರತ್ತಿಗೂ ಪ್ರತ್ಯೇಕ ಕಾನೂನು ಮಾಡಿತು. ನಮ್ಮಲ್ಲಿಯೂ ಗುಜರಾತಿನ ಗಿಫ್ಟ್ ಸಿಟಿಯಲ್ಲಿ, ಕಡಲ ನೀರಿಲ್ಲದಿದ್ದರೂ, ಒಂದೇ ಸ್ಥಾವರದಿಂದ ಹಲವು ಕಟ್ಟಡಗಳಿಗೆ ತಣ್ಣೀರು ಕೊಡುವ ವ್ಯವಸ್ಥೆ ಇದೆ. ವಿದ್ಯುತ್ತು, ನೀರು, ತಣ್ಣೀರು ಎಲ್ಲಕ್ಕೂ ಒಂದೇ ಸುರಂಗವನ್ನು ಮೊದಲೇ ಕಟ್ಟಿಟ್ಟರು. ಒಬ್ಬೊಬ್ಬರು ಒಂದೊಂದು ಸಲ ಅಗೆಯುವ ಕಷ್ಟ ಅಲ್ಲಿಲ್ಲ.

ಹಾಗಾದರೆ ಮರೀನಾದಂಥ ತೀರದಲ್ಲಿ ದಾರಿಯ ಹಕ್ಕು ಕೊಡುವುದಾದರೆ ಹೇಗೆ ಕೊಡಬೇಕು? ನನಗೆ ತೋಚಿದ್ದನ್ನು ಹೇಳುತ್ತೇನೆ, ತಾವು ತೂಗಿ ನೋಡಿ.

ಮೊದಲನೆಯದು, ಕೊಡುವುದು ಕೊಳವೆಯ ಅಗಲದ ದಾರಿ ಮಾತ್ರ. ಅದರ ನೆಪದಲ್ಲಿ ಮರಳಿನ ಮೇಲೆ ಪಂಪುಮನೆ, ಕಾಂಪೌಂಡು, ಕಾವಲುಗಾರನ ಕೋಣೆ ಏಳಬಾರದು. ಪಂಪು ರಸ್ತೆಯ ಒಳಬದಿಯ ಕಟ್ಟಡದಲ್ಲೇ ಇರಲಿ.

ಎರಡನೆಯದು, ಅವಧಿ. ಇಷ್ಟು ವರ್ಷ ಎಂದು ಗೊತ್ತಿರಲಿ; ಗೊತ್ತಾದ ದಿನದೊಳಗೆ ಕೆಲಸ ಶುರುವಾಗದಿದ್ದರೆ ಹಕ್ಕು ತಾನಾಗಿ ರದ್ದಾಗಲಿ. ಅವಧಿ ಮುಗಿದ ಮೇಲೆ ಕೊಳವೆ ಕಿತ್ತು ಮರಳು ಮುಚ್ಚಿಸುವ ಹಣವನ್ನು ಮೊದಲೇ ಠೇವಣಿ ಇಡಿಸಿಕೊಳ್ಳಲಿ.

ಮೂರನೆಯದು, ಹಂಚಿಕೆ. ಒಂದೇ ಕಾಲುವೆಯಲ್ಲಿ ಹಲವರ ಕೊಳವೆ ಹೋಗಲಿ. ಹಣವಿರುವ ಹೋಟೆಲಿಗೆ ದಾರಿ ಕೊಟ್ಟು ಆಸ್ಪತ್ರೆಗೆ ಜಾಗವಿಲ್ಲ ಎನ್ನುವ ಹಾಗಾಗಬಾರದು. ಸಾರ್ವಜನಿಕ ನೆಲದಲ್ಲಿ ಮೊದಲ ಸರದಿ ಸಾರ್ವಜನಿಕ ಕಟ್ಟಡದ್ದು.

ನಾಲ್ಕನೆಯದು, ಮರಳುವ ನೀರು. ಎಷ್ಟು ಬಿಸಿ, ಚಿಪ್ಪು ತಡೆಯಲು ಎಷ್ಟು ಕ್ಲೋರಿನ್ ಎಂಬ ಲೆಕ್ಕ ತಿಂಗಳು ತಿಂಗಳು ಕುಪ್ಪದ ಫಲಕದ ಮೇಲೆ ತಮಿಳಿನಲ್ಲಿ ಬರಲಿ. ಇಂಗ್ಲಿಷಿನ ದಪ್ಪ ವರದಿ ದಡದವರಿಗೆ ಉಪಯೋಗವಿಲ್ಲ.

ಐದನೆಯದು ಆ ಹಿರಿಯರ ಪ್ರಶ್ನೆಗೆ ಉತ್ತರ. ಕೊಳವೆಯ ಬಾಯಿ ಎಲ್ಲಿರಬೇಕೆಂದು ನಿರ್ಧರಿಸುವ ಮುಂಚೆ ಬಲೆ ಬಿಡುವವರನ್ನು ಕೇಳಬೇಕು. ಬಲೆ ಹರಿದರೆ ಯಾರು, ಎಷ್ಟು ದಿನದೊಳಗೆ, ಎಷ್ಟು ಕೊಡಬೇಕೆಂದು ಹಕ್ಕುಪತ್ರದಲ್ಲೇ ಬರೆದಿರಬೇಕು. ಅವರ ದೋಣಿ ಎಳೆಯುವ ದಾರಿಯನ್ನೂ ಅದೇ ನಕ್ಷೆಯಲ್ಲಿ ಗುರುತಿಸಬೇಕು. ಹೊಸ ಕೊಳವೆಗೆ ಕಾಗದ ಸಿಕ್ಕಿ ಹಳೆಯ ಬಳಕೆಗೆ ಸಿಗದಿದ್ದರೆ ಅದು ನ್ಯಾಯವಲ್ಲ.

ಇಷ್ಟೆಲ್ಲ ಷರತ್ತು ಹಾಕಿದರೆ ಯಾರು ಬರುತ್ತಾರೆ ಎಂದು ಕೆಲವರು ಕೇಳಬಹುದು. ನನ್ನ ಅನುಭವ ಬೇರೆ. ಹಣ ಹಾಕುವವರು ಅಂಜುವುದು ಷರತ್ತಿಗಲ್ಲ, ಅನಿಶ್ಚಯಕ್ಕೆ. ಇವತ್ತು ಒಬ್ಬ ಅಧಿಕಾರಿ ಹೂಂ ಎಂದು ನಾಳೆ ಇನ್ನೊಬ್ಬರು ಊಹೂಂ ಎಂದರೆ ಮುಂದೆ ಕೆಲಸ ಸಾಗುವುದಿಲ್ಲ. ಷರತ್ತು ಮೊದಲೇ ಗೊತ್ತಿದ್ದರೆ ಅದನ್ನೂ ಖರ್ಚಿನ ಪಟ್ಟಿಯಲ್ಲಿ ಸೇರಿಸಿ ಬರುತ್ತಾರೆ.

ಕೊನೆಗೆ ಮತ್ತೆ ಐಸ್ ಹೌಸಿಗೆ ಬರೋಣ. ಮಂಜುಗಡ್ಡೆಯ ಮನೆ ವಕೀಲರ ಮನೆಯಾಯಿತು, ಮಠವಾಯಿತು. 1917ರಲ್ಲಿ ಸರ್ಕಾರದ ಕೈಗೆ ಬಂತು. ಸಹೋದರಿ ಸುಬ್ಬಲಕ್ಷ್ಮಿಯವರ ಕಾಲದಲ್ಲಿ ಬಾಲವಿಧವೆಯರಿಗೆ ಆಸರೆಯಾಯಿತು. 1997ರಲ್ಲಿ ಸರ್ಕಾರ ಅದನ್ನು ರಾಮಕೃಷ್ಣ ಮಠಕ್ಕೆ ಗುತ್ತಿಗೆಗೆ ಕೊಟ್ಟಿತು. ಮಾರಲಿಲ್ಲ, ಬಳಸಲು ಕೊಟ್ಟಿತು. ಆದ್ದರಿಂದಲೇ ಒಂದೊಂದು ಕಾಲದ ಒಂದೊಂದು ಅಗತ್ಯಕ್ಕೆ ಅದು ಒದಗಿಬಂತು. ಟ್ಯೂಡರನ ತಂಪು ನಲವತ್ತು ವರ್ಷದಲ್ಲಿ ಹಳತಾಯಿತು. ನಾವು ಇಂದು ಹೊಸದೆನ್ನುವ ಕೊಳವೆಯೂ ಒಂದು ದಿನ ಹಳತಾಗುತ್ತದೆ. ಅಂದು ಅದನ್ನು ಕಿತ್ತು ತೆಗೆದಾಗ ಕೆಳಗಿನ ಮರಳು ನಮ್ಮ ಮಕ್ಕಳ ಕೈಯಲ್ಲೇ ಉಳಿದಿರಬೇಕು.

ದಾರಿ ಕೊಡೋಣ, ನೆಲ ಉಳಿಸಿಕೊಳ್ಳೋಣ.